ಮನೆಯಲ್ಲೇ ಫೋಟೋ ಪ್ರಿಂಟ್: ಗುಣಮಟ್ಟ ಎಷ್ಟು, ಖರ್ಚು ಎಷ್ಟು?

ಮನೆಯ ಪ್ರಿಂಟರಿನಲ್ಲಿ ಫೋಟೋ ಮುದ್ರಿಸಿಕೊಳ್ಳುವ ಬಗ್ಗೆ ಹಲವು ಓದುಗರು ಪತ್ರ ಬರೆದಿರುವುದರಿಂದ ಈ ಸಂಚಿಕೆಯ ಪ್ರಶ್ನೋತ್ತರ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬೆಲೆಗಳು ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ ಆಯಾ ಪತ್ರದಲ್ಲಿ ಓದುಗರೇ ತಿಳಿಸಿರುವ ದರಗಳನ್ನು ಹಿಡಿದು ಲೆಕ್ಕ ಹಾಕಿದ್ದೇನೆ. ನಿಮ್ಮ ಊರಿನ ದರವನ್ನು ಆ ಜಾಗದಲ್ಲಿ ಇಟ್ಟು ನೋಡಿಕೊಳ್ಳಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಕ್ಕಳ ಶಾಲೆಯ ಕೆಲಸಕ್ಕೆಂದು ಕಳೆದ ವರ್ಷ ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆವು. ಈಗ ಮೊಮ್ಮಗಳ ನಾಮಕರಣದ 300 ಫೋಟೋಗಳನ್ನು 4×6 ಇಂಚಿನಲ್ಲಿ ಮುದ್ರಿಸಿ ಆಲ್ಬಮ್ ಮಾಡಬೇಕಾಗಿದೆ. ಸ್ಟುಡಿಯೊದವರು ಒಂದಕ್ಕೆ 10 ರೂಪಾಯಿ ಹೇಳುತ್ತಾರೆ. ತಲಾ 65 ಮಿಲಿಲೀಟರಿನ ನಾಲ್ಕು ಇಂಕ್ ಬಾಟಲಿಗೆ ಒಟ್ಟು 1,500 ರೂಪಾಯಿ ಇದ್ದು, ಬಣ್ಣದ 7,500 ಪುಟ ಬರುತ್ತದೆಂದು ಡಬ್ಬದ ಮೇಲೆ ಬರೆದಿದೆ. ಅಂದರೆ ಒಂದಕ್ಕೆ 20 ಪೈಸೆ. 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಗ್ಲಾಸಿ ಪೇಪರ್ 50 ಹಾಳೆಗೆ 200 ರೂಪಾಯಿ, 270 ಜಿಎಸ್‌ಎಂ ಪೇಪರ್ 20 ಹಾಳೆಗೆ 200 ರೂಪಾಯಿ. ಮನೆಯಲ್ಲೇ ಮಾಡಿದರೆ ದುಡ್ಡು ಉಳಿಯುತ್ತದೆಯಲ್ಲವೇ?
(ಓದುಗರು, ಹಾಸನ)

ಉತ್ತರ: ಮೊದಲು ಡಬ್ಬದ ಮೇಲಿನ 7,500 ಪುಟಗಳ ಮಾತನ್ನು ಬಿಡಿಸಿ ನೋಡೋಣ. ಇಂಕ್‌ಜೆಟ್ ಪ್ರಿಂಟರ್ ತಯಾರಿಸುವ ಕಂಪನಿಗಳು ಬಣ್ಣದ ಪುಟಗಳ ಸಂಖ್ಯೆಯನ್ನು ಹೇಳುವಾಗ ಐಎಸ್‌ಒ 24712 ಎಂಬ ಮಾನಕದಲ್ಲಿರುವ ಐದು ಪುಟಗಳ ಮಾದರಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತವೆ. ಆ ಪುಟಗಳಲ್ಲಿ ಅಕ್ಷರಗಳು, ನಕ್ಷೆಗಳು, ಸಣ್ಣ ಚಿತ್ರಗಳು ಇದ್ದು, ಹಾಳೆಯ ಬಹುಭಾಗ ಬಿಳಿಯಾಗಿಯೇ ಉಳಿಯುತ್ತದೆ. ಫೋಟೋದಲ್ಲಿ ಹಾಗಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಇಂಕ್ ಬೀಳುತ್ತದೆ, ನಾಮಕರಣದ ಫೋಟೋದಲ್ಲಿ ಹಿಂದಿನ ಪರದೆ, ರೇಷ್ಮೆ ಸೀರೆ, ಹೂವಿನ ಅಲಂಕಾರ ಎಲ್ಲವೂ ಗಾಢ ಬಣ್ಣದವೇ ಆಗಿರುತ್ತವೆ. ಆದ್ದರಿಂದ ಆ 20 ಪೈಸೆಯ ಲೆಕ್ಕ ಶಾಲೆಯ ಪ್ರಾಜೆಕ್ಟಿಗೆ ಒಪ್ಪಬಹುದು, ಫೋಟೋಗೆ ಒಪ್ಪುವುದಿಲ್ಲ.

ಪುಟದ ಬದಲು ಮಿಲಿಲೀಟರಿನಲ್ಲಿ ಲೆಕ್ಕ ಹಾಕುವುದು ಸರಿಯಾದ ಕ್ರಮ. ನಿಮ್ಮ ನಾಲ್ಕು ಬಾಟಲಿಗಳಲ್ಲಿ ಒಟ್ಟು 260 ಮಿಲಿಲೀಟರ್ ಇಂಕ್ ಇದೆ. 1,500 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಒಂದು ಮಿಲಿಲೀಟರಿಗೆ ಸುಮಾರು 5 ರೂಪಾಯಿ 80 ಪೈಸೆ ಬೀಳುತ್ತದೆ. 4×6 ಇಂಚಿನ ಒಂದು ಫೋಟೋಗೆ ಕಾಲು ಮಿಲಿಲೀಟರ್ ಆಸುಪಾಸು ಇಂಕ್ ಬೇಕಾಗುತ್ತದೆ ಎಂದು ಹಿಡಿದರೂ ಒಂದೂವರೆ ರೂಪಾಯಿಯೊಳಗೆ ಮುಗಿಯುತ್ತದೆ. ಹೆಡ್ ಕ್ಲೀನಿಂಗ್‌ನಲ್ಲಿ, ಅಂದರೆ ಇಂಕ್ ಚಿಮ್ಮುವ ಭಾಗವನ್ನು ಯಂತ್ರ ತಾನೇ ತೊಳೆದುಕೊಳ್ಳುವಾಗ, ಹರಿದುಹೋಗುವ ಇಂಕನ್ನೂ ಸೇರಿಸಿ ಧಾರಾಳವಾಗಿ ಇದನ್ನು ಎರಡು ಪಟ್ಟು ಮಾಡಿ, 3 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇನ್ನು ಹಾಳೆಯ ಬೆಲೆ ನೋಡಿ: ತೆಳು ಪೇಪರಿಗೆ 4 ರೂಪಾಯಿ, ದಪ್ಪ ಪೇಪರಿಗೆ 10 ರೂಪಾಯಿ. ಹಾಗಾಗಿ ಒಂದು ಫೋಟೋಗೆ ತೆಳು ಪೇಪರಿನಲ್ಲಿ 7 ರೂಪಾಯಿ, ದಪ್ಪ ಪೇಪರಿನಲ್ಲಿ 13 ರೂಪಾಯಿ. ಹತ್ತಕ್ಕೆ ಒಂದಾದರೂ ಕೆಡುವುದು ಮನೆಯ ಮುದ್ರಣದಲ್ಲಿ ಸಹಜ. 300 ಫೋಟೋಗೆ 330 ಹಾಳೆ ಎಂದು ಹಿಡಿದರೆ ತೆಳು ಪೇಪರಿನಲ್ಲಿ 2,310 ರೂಪಾಯಿ, ದಪ್ಪ ಪೇಪರಿನಲ್ಲಿ 4,290 ರೂಪಾಯಿ ಆಗುತ್ತದೆ. ಸ್ಟುಡಿಯೊದ್ದು 3,000 ರೂಪಾಯಿ. ಪ್ರಿಂಟರಿನ ಬೆಲೆಯನ್ನು ನಾನು ಸೇರಿಸಿಲ್ಲ, ಏಕೆಂದರೆ ಅದನ್ನು ನೀವು ಬೇರೆ ಕೆಲಸಕ್ಕಾಗಿ ಈಗಾಗಲೇ ಕೊಂಡಿದ್ದೀರಿ.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಂಕ್ ಟ್ಯಾಂಕ್ ಪ್ರಿಂಟರ್ ಇರುವ ಮನೆಯಲ್ಲಿ ದುಬಾರಿಯಾದದ್ದು ಇಂಕ್ ಅಲ್ಲ, ಹಾಳೆ. ಆದರೂ ಬಹುತೇಕ ಮಂದಿ ಇಂಕ್ ಉಳಿಸಲೆಂದು ಡ್ರಾಫ್ಟ್ ಗುಣಮಟ್ಟದಲ್ಲಿ ಮುದ್ರಿಸಿ, ಒಂದು ರೂಪಾಯಿಯ ಇಂಕಿಗಾಗಿ ಹತ್ತು ರೂಪಾಯಿಯ ಹಾಳೆಯನ್ನು ಹಾಳುಮಾಡಿಕೊಳ್ಳುತ್ತಾರೆ. ಫೋಟೋ ಪೇಪರ್ ಹಾಕಿದ ಮೇಲೆ ಗುಣಮಟ್ಟವನ್ನು ಯಾವಾಗಲೂ ಹೈ ಎಂದೇ ಇಡಬೇಕು. ಉಳಿತಾಯವನ್ನು ಕೆಡುವ ಹಾಳೆಗಳನ್ನು ಕಡಿಮೆ ಮಾಡುವುದರಲ್ಲಿ ಸಾಧಿಸಬೇಕು.

ತೆಳು ಪೇಪರ್ ಅಗ್ಗವಲ್ಲವೇ, ಅದನ್ನೇ ಏಕೆ ಬಳಸಬಾರದು ಎಂದು ನೀವು ಕೇಳಬಹುದು. ಹೊಸದರಲ್ಲಿ ಅದರ ಹೊಳಪಿಗೆ ಏನೂ ಕೊರತೆ ಇರುವುದಿಲ್ಲ. ಆದರೆ ಸಾಮಾನ್ಯವಾಗಿ ಅದು ಕಾಗದದ ಒಂದು ಬದಿಗೆ ಲೇಪನ ಹಚ್ಚಿದ್ದಷ್ಟೇ ಆಗಿರುವುದರಿಂದ ತೇವ ತಗುಲಿದರೆ ಸುರುಳಿಯಾಗುತ್ತದೆ, ಕೈಯಲ್ಲಿ ಹಿಡಿದರೆ ಬಳುಕುತ್ತದೆ, ನೀರಿನ ಹನಿ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಆರ್‌ಸಿ ಪೇಪರ್ ಎಂದು ಮಾರುವ ದಪ್ಪ ಹಾಳೆಯಲ್ಲಿ ಕಾಗದದ ಎರಡೂ ಬದಿಗೆ ಪಾಲಿಥೀನಿನ ತೆಳುಪದರವಿದ್ದು, ಅದರ ಮೇಲೆ ಇಂಕ್ ಹೀರುವ ಲೇಪನವಿರುತ್ತದೆ. ಸ್ಟುಡಿಯೊದ ಫೋಟೋವನ್ನು ಕೈಗೆ ತೆಗೆದುಕೊಂಡಾಗ ಸಿಗುವ ಗಟ್ಟಿತನ ಸಿಗುವುದು ಇದರಲ್ಲಿ ಮಾತ್ರ. ಎ4 ಹಾಳೆ ತಂದು ಕತ್ತರಿಸಿದರೆ ಅಗ್ಗವಾಗುತ್ತದೆ ಎಂಬ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಎ4 ಹಾಳೆಯ ವಿಸ್ತೀರ್ಣ 4×6 ಹಾಳೆಯ ನಾಲ್ಕು ಪಟ್ಟು ಇರುವುದು ನಿಜವಾದರೂ ಅದರ ಉದ್ದ 11.69 ಇಂಚು ಮಾತ್ರ. ನಾಲ್ಕು ಫೋಟೋ ಕೂರಲು 12 ಇಂಚು ಬೇಕು. ಆದ್ದರಿಂದ ಪೂರ್ತಿ ಅಳತೆಯ ಫೋಟೋಗಳು ಮೂರೇ ಬರುತ್ತವೆ.

ಇನ್ನು ಗುಣಮಟ್ಟದ ಮಾತು. ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ಹಳದಿ, ಮಜೆಂಟಾ (ನೇರಳೆಗೆಂಪು), ಸಯಾನ್ (ಹಸಿರುನೀಲಿ) ಮತ್ತು ಕಪ್ಪು ಇಂಕ್ ಇರುತ್ತವೆ. ಮಗುವಿನ ಕೆನ್ನೆಯ ತಿಳಿಬಣ್ಣವನ್ನು ತೋರಿಸಲು ಪ್ರಿಂಟರ್ ಗಾಢ ಮಜೆಂಟಾದ ಚುಕ್ಕೆಗಳನ್ನು ದೂರದೂರ ಹಾಕಬೇಕಾಗುತ್ತದೆ. ಹತ್ತಿರದಿಂದ ನೋಡಿದಾಗ ಅಲ್ಲಿ ಮರಳು ಎರಚಿದಂತೆ ಕಾಣುವುದು ಇದೇ ಕಾರಣಕ್ಕೆ. ಫೋಟೋಗೆಂದೇ ಮಾಡಿದ ಆರು ಬಣ್ಣದ ಪ್ರಿಂಟರುಗಳಲ್ಲಿ ತಿಳಿ ಮಜೆಂಟಾ, ತಿಳಿ ಸಯಾನ್ ಎಂಬ ಎರಡು ಇಂಕ್ ಹೆಚ್ಚಿಗೆ ಇರುವುದರಿಂದ ಚರ್ಮದ ಬಣ್ಣವೂ ಆಕಾಶದ ನೀಲಿಯೂ ನಯವಾಗಿ ಬರುತ್ತವೆ. ಅವುಗಳಲ್ಲಿ ಕೆಲವದರ ಅತಿ ಸಣ್ಣ ಹನಿ 1.5 ಪಿಕೊಲೀಟರ್ ಇರುತ್ತದೆ. ಒಂದು ಪಿಕೊಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ದೊಡ್ಡ ಕಲರ್ ಲ್ಯಾಬಿನ ಸಾಂಪ್ರದಾಯಿಕ ಯಂತ್ರವಾದರೋ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಕಾಗದದ ಮೇಲೆ ಲೇಸರ್ ಅಥವಾ ಎಲ್‌ಇಡಿ ಬೆಳಕಿನಿಂದ ಚಿತ್ರ ಮೂಡಿಸಿ ರಾಸಾಯನಿಕದಲ್ಲಿ ತೊಳೆದು ತೆಗೆಯುತ್ತದೆ, ಅದರಲ್ಲಿ ಇಂಕಿನ ಚುಕ್ಕೆಯೇ ಇಲ್ಲ. ಈಗ ಹಲವೆಡೆ ಬಂದಿರುವ ಡ್ರೈ ಲ್ಯಾಬ್ ಯಂತ್ರಗಳು ಮಾತ್ರ ಇಂಕ್‌ಜೆಟ್ ವಿಧಾನದವು. ಯಾವುದರಲ್ಲಿ ಮಾಡಿಕೊಡುತ್ತೀರಿ ಎಂದು ಸ್ಟುಡಿಯೊದವರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಆದ್ದರಿಂದ ನನ್ನ ಸಲಹೆ ಇಷ್ಟು. 300 ಫೋಟೋಗಳನ್ನು ಒಟ್ಟಿಗೆ ಲ್ಯಾಬಿಗೇ ಕೊಡಿ. ಇಷ್ಟು ಸಂಖ್ಯೆಯಾದರೆ ದರವನ್ನು ಸ್ವಲ್ಪ ಇಳಿಸಿ ಕೇಳುವುದಕ್ಕೂ ಅವಕಾಶವಿದೆ. ಬಂದುಹೋದ ನೆಂಟರಿಗೆ ಒಂದೊಂದು ಪ್ರತಿ ಕೊಡಬೇಕು, ಸೋದರಮಾವನಿಗೆ ಕಳಿಸಬೇಕಾದ ಫೋಟೋ ಬಿಟ್ಟುಹೋಗಿದೆ ಎಂಬಂಥ ಒಂದೆರಡು ಡಜನ್ ಪ್ರಿಂಟುಗಳಿಗೆ ಮನೆಯ ಪ್ರಿಂಟರನ್ನೂ ದಪ್ಪ ಪೇಪರನ್ನೂ ಇಟ್ಟುಕೊಳ್ಳಿ. ಅಲ್ಲಿ ನೀವು ಹೆಚ್ಚಿಗೆ ಕೊಡುವ ಮೂರು ರೂಪಾಯಿ ಪೇಟೆಗೆ ಹೋಗಿಬರುವ ಆಟೋ ಖರ್ಚಿಗಿಂತ ಕಡಿಮೆಯೇ.

ಪ್ರಶ್ನೆ: ನಮ್ಮದು ಕಾರ್ಟ್ರಿಡ್ಜ್ ಹಾಕುವ ಸಣ್ಣ ಪ್ರಿಂಟರ್, ಕಡಿಮೆ ಬೆಲೆಗೆ ಸಿಕ್ಕಿತು. ಬಣ್ಣದ ಕಾರ್ಟ್ರಿಡ್ಜಿಗೆ 900 ರೂಪಾಯಿ, ಒಳಗೆ 8 ಮಿಲಿಲೀಟರ್ ಇಂಕ್ ಇದೆ ಎಂದು ಬರೆದಿದೆ. ಇಪ್ಪತ್ತು ಇಪ್ಪತ್ತೈದು ಫೋಟೋ ಆಗುವಷ್ಟರಲ್ಲಿ ಇಂಕ್ ಮುಗಿಯುತ್ತಿದೆ. ಪ್ರಿಂಟರ್ ಕೆಟ್ಟಿದೆಯೇ?
(ಓದುಗರು, ತುಮಕೂರು)

ಉತ್ತರ: ಕೆಟ್ಟಿಲ್ಲ. ನಿಮ್ಮ ಇಂಕಿನ ಬೆಲೆ ಒಂದು ಮಿಲಿಲೀಟರಿಗೆ 112 ರೂಪಾಯಿಗಿಂತ ಹೆಚ್ಚಾಗುತ್ತದೆ. ಮೇಲಿನ ಪತ್ರದ ಹಾಸನದ ಓದುಗರದ್ದಕ್ಕೆ ಹೋಲಿಸಿದರೆ ಸುಮಾರು 20 ಪಟ್ಟು. ಕಾಲು ಮಿಲಿಲೀಟರ್ ಲೆಕ್ಕದಲ್ಲಿ ಒಂದು ಫೋಟೋದ ಇಂಕಿಗೇ 28 ರೂಪಾಯಿ, ಹಾಳೆ ಬೇರೆ. 8 ಮಿಲಿಲೀಟರಿನಲ್ಲಿ ಲೆಕ್ಕಕ್ಕೆ ಮೂವತ್ತೆರಡು ಫೋಟೋ ಬರಬೇಕಾದರೂ ಕ್ಲೀನಿಂಗ್‌ಗೆ ಹೋಗುವುದನ್ನು ಕಳೆದರೆ ನೀವು ಹೇಳಿದ ಸಂಖ್ಯೆಗೇ ಬಂದು ನಿಲ್ಲುತ್ತದೆ. ಅಷ್ಟೇ ಅಲ್ಲದೆ, ಮೂರು ಬಣ್ಣಗಳೂ ಒಂದೇ ಕಾರ್ಟ್ರಿಡ್ಜಿನಲ್ಲಿರುವಾಗ ಒಂದು ಬಣ್ಣ ಮುಗಿದರೆ ಉಳಿದೆರಡು ಇದ್ದರೂ ಅದನ್ನು ಎಸೆಯಬೇಕಾಗುತ್ತದೆ.

ಪ್ರಿಂಟರನ್ನು ಅಗ್ಗವಾಗಿ ಕೊಟ್ಟು ಲಾಭವನ್ನು ಇಂಕಿನಲ್ಲಿ ತೆಗೆಯುವುದು ಈ ವ್ಯಾಪಾರದ ಹಳೆಯ ಪದ್ಧತಿ. ಇದಕ್ಕೆ ಪ್ರತಿಯಾಗಿ ಅಂಗಡಿಗಳು ಹೊರಗಿನಿಂದ ಕೊಳವೆ ಜೋಡಿಸಿ ಇಂಕ್ ತುಂಬುವ ವ್ಯವಸ್ಥೆ ಮಾಡಿಕೊಡತೊಡಗಿದವು. 2010ರಲ್ಲಿ ಎಪ್ಸನ್ ಕಂಪನಿ ಇಂಡೊನೇಷ್ಯಾದಲ್ಲಿ ಮೊದಲ ಇಂಕ್ ಟ್ಯಾಂಕ್ ಪ್ರಿಂಟರನ್ನು ತಾನೇ ಬಿಡುಗಡೆ ಮಾಡಿದ ಮೇಲೆ ಪ್ರಿಂಟರಿನ ಬೆಲೆ ಹೆಚ್ಚು, ಇಂಕಿನ ಬೆಲೆ ಕಡಿಮೆ ಎಂಬ ತಿರುವು ಬಂದಿತು. ಈಗಿರುವ ಯಂತ್ರವನ್ನು ಅರ್ಜಿ, ಅಂಕಪಟ್ಟಿಗಳ ಕೆಲಸಕ್ಕೆ ಇಟ್ಟುಕೊಂಡು ಫೋಟೋಗಳನ್ನು ಹೊರಗೆ ಮಾಡಿಸಿ. ತಿಂಗಳಿಗೆ ಐವತ್ತು ಫೋಟೋಗಳಿಗಿಂತ ಹೆಚ್ಚು ನಿಜವಾಗಿಯೂ ಬೇಕಾಗುತ್ತದೆ ಎಂದು ಖಚಿತವಾದರೆ ಮಾತ್ರ ಇಂಕ್ ಟ್ಯಾಂಕ್ ಯಂತ್ರದ ಯೋಚನೆ ಮಾಡಿ. ಪೇಟೆಯ ಅಗ್ಗದ ಇಂಕ್ ತುಂಬಿಸಿದರೆ ಹೇಗೆಂಬ ಪ್ರಶ್ನೆಯೂ ನಿಮ್ಮ ಪತ್ರದ ಕೊನೆಯಲ್ಲಿದೆ. ಅಕ್ಷರ ಮುದ್ರಣಕ್ಕೆ ಅದು ನಡೆಯುತ್ತದೆ. ಆದರೆ ಪ್ರಿಂಟರಿನೊಳಗಿನ ಬಣ್ಣದ ಲೆಕ್ಕಾಚಾರ ಅದರ ಸ್ವಂತ ಇಂಕಿಗೆ ಹೊಂದಿಸಿದ್ದಾಗಿರುವುದರಿಂದ ಫೋಟೋದಲ್ಲಿ ಮುಖದ ಬಣ್ಣ ಮೊದಲು ಕೆಡುತ್ತದೆ.

ಪ್ರಶ್ನೆ: ಅಕ್ಕನ ಮದುವೆಯ ಒಂದು ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಮೊಬೈಲಿನಲ್ಲಿ ಬಹಳ ಸ್ಪಷ್ಟವಾಗಿದೆ. ಎ4 ಅಳತೆಯಲ್ಲಿ ಮುದ್ರಿಸಿ ಫ್ರೇಮ್ ಹಾಕಿಸಿದರೆ ಮಸುಕಾಗಿದೆ. ಪ್ರಿಂಟರಿನ ಮೇಲೆ 5760×1440 ಡಿಪಿಐ ಎಂದಿದೆಯಲ್ಲ, ಹೀಗೇಕೆ?
(ಓದುಗರು, ಶಿರಸಿ)

ಉತ್ತರ: ಡಿಪಿಐ ಎಂದು ಪ್ರಿಂಟರಿನ ಮೇಲೆ ಬರೆದಿರುವುದು ಇಂಕಿನ ಚುಕ್ಕೆಗಳನ್ನು ಎಷ್ಟು ಒತ್ತಾಗಿ ಇಡಬಲ್ಲೆ ಎಂಬ ಅದರ ಸಾಮರ್ಥ್ಯವನ್ನು. ಫೋಟೋದಲ್ಲಿ ಇಲ್ಲದ ವಿವರವನ್ನು ಅದು ತರಲಾರದು. ಕೈಯಲ್ಲಿ ಹಿಡಿದು ನೋಡುವ ಫೋಟೋಗೆ ಒಂದು ಇಂಚಿನಲ್ಲಿ 300 ಪಿಕ್ಸೆಲ್ ಇದ್ದರೆ ಚೆನ್ನ, 200ಕ್ಕಿಂತ ಕೆಳಗಿಳಿದರೆ ಮಸುಕು ಕಣ್ಣಿಗೆ ಕಾಣತೊಡಗುತ್ತದೆ. 4×6 ಇಂಚಿಗೆ 1200×1800 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು ಸಾಕು. ಎ4 ಅಳತೆಗೆ 2480×3508, ಅಂದರೆ ಎಂಟೂವರೆ ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಬೇಕು.

ವಾಟ್ಸ್‌ಆ್ಯಪ್ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋವನ್ನು ಕುಗ್ಗಿಸಿ, ಅದರ ಉದ್ದದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. ಅದನ್ನು ಆರು ಇಂಚಿಗೆ ಹರಡಿದರೆ ಇಂಚಿಗೆ 266 ಪಿಕ್ಸೆಲ್ ಸಿಗುವುದರಿಂದ 4×6 ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ಎ4 ಉದ್ದಕ್ಕೆ ಹರಡಿದರೆ ಇಂಚಿಗೆ 137 ಮಾತ್ರ. ನಿಮ್ಮ ಫ್ರೇಮಿನ ಮಸುಕಿಗೆ ಕಾರಣ ಇದು, ಪ್ರಿಂಟರ್ ಅಲ್ಲ. ಫೋಟೋ ತೆಗೆದವರಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಹಾಗೆ ಕಳಿಸಿದರೆ ಅದು ಕುಗ್ಗುವುದಿಲ್ಲ. 2023ರಿಂದ ಬಂದಿರುವ ಎಚ್‌ಡಿ ಆಯ್ಕೆಯೂ ಹಳೆಯದಕ್ಕಿಂತ ಎಷ್ಟೋ ಮೇಲು. ಮುದ್ರಿಸುವ ಮೊದಲು ಫೈಲಿನ ವಿವರದಲ್ಲಿ ಪಿಕ್ಸೆಲ್ ಸಂಖ್ಯೆ ನೋಡಿ ಇಂಚಿನಿಂದ ಭಾಗಿಸುವುದಕ್ಕೆ ಅರ್ಧ ನಿಮಿಷ ಸಾಕು. ಒಂದು ಎ4 ಹಾಳೆ, ಅದಕ್ಕೆ ತಕ್ಕ ಇಂಕ್, ಫ್ರೇಮಿನ ಕೂಲಿ ಇಷ್ಟೂ ಆ ಅರ್ಧ ನಿಮಿಷದಲ್ಲಿ ಉಳಿಯುತ್ತವೆ.

ಇದರ ಜೊತೆಗೆ ಇನ್ನೊಂದು ಸಂಗತಿ. ಮೊಬೈಲ್ ಫೋಟೋಗಳ ಆಕಾರ ಸಾಮಾನ್ಯವಾಗಿ 4:3, 4×6 ಹಾಳೆಯದು 3:2. ಹಾಳೆ ತುಂಬುವಂತೆ ಮುದ್ರಿಸಿದಾಗ ಅಡ್ಡವಾಗಿ ತೆಗೆದ ಚಿತ್ರದ ಒಂಬತ್ತರಲ್ಲಿ ಒಂದು ಪಾಲು ಮೇಲೋ ಕೆಳಗೋ ಕತ್ತರಿಸಿ ಹೋಗುತ್ತದೆ, ಮದುವೆಯ ಫೋಟೋದಲ್ಲಿ ಅದು ಬಾಸಿಂಗವೋ ಕಾಲುಂಗುರವೋ ಆಗಿರಬಹುದು. ಕ್ರಾಪ್ ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಡದೆ ನೀವೇ ಮಾಡಿ.

ಪ್ರಶ್ನೆ: ಆರು ಬಣ್ಣದ ಪ್ರಿಂಟರ್, ಒಳ್ಳೆಯ ಪೇಪರ್ ಎರಡೂ ಇವೆ. ಆದರೂ ಪ್ರಿಂಟ್ ಮೊಬೈಲಿನಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ, ಕೆಲವೊಮ್ಮೆ ಕೆಂಪು ಹೆಚ್ಚಾಗಿ ಬರುತ್ತದೆ. ಸರಿಯಾದದ್ದು ಒಂದು ಬರುವಷ್ಟರಲ್ಲಿ ನಾಲ್ಕು ಹಾಳೆ ಹೋಗುತ್ತಿವೆ.
(ಓದುಗರು, ಮೈಸೂರು)

ಉತ್ತರ: ಆ ನಾಲ್ಕು ಹಾಳೆಗಳೇ ಮನೆಯ ಮುದ್ರಣದ ನಿಜವಾದ ಖರ್ಚು, ಇದನ್ನು ಬಗೆಹರಿಸಿಕೊಂಡರೆ ನಿಮ್ಮ ಪ್ರಿಂಟಿನ ಬೆಲೆ ತಾನಾಗಿಯೇ ಇಳಿಯುತ್ತದೆ. ಮೊಬೈಲಿನ ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ, ಕಾಗದ ಕೋಣೆಯ ಬೆಳಕನ್ನು ಹಿಂದಿರುಗಿಸುತ್ತದೆ ಅಷ್ಟೇ. ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟುಕೊಂಡು ತಿದ್ದಿದ ಫೋಟೋ ಕಾಗದದ ಮೇಲೆ ಕಪ್ಪಾಗಿ ಕಾಣದಿದ್ದರೆ ಅದೇ ಆಶ್ಚರ್ಯ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ತಾನಾಗಿ ಬದಲಾಗುವ ಆಯ್ಕೆಯನ್ನು ತೆಗೆದು, ರಾತ್ರಿಯ ಹೊತ್ತು ಪರದೆಯನ್ನು ಹಳದಿಗೆ ತಿರುಗಿಸುವ ವ್ಯವಸ್ಥೆ ಇದ್ದರೆ ಅದನ್ನೂ ನಿಲ್ಲಿಸಿ, ಆಮೇಲೆ ತಿದ್ದಿ. ಬಂದ ಪ್ರಿಂಟನ್ನು ಹಗಲಿನಲ್ಲಿ ಕಿಟಕಿಯ ಬಳಿ ನೋಡಿ. ಬಲ್ಬಿನ ಬೆಳಕಿನಲ್ಲಿ ಬಣ್ಣವನ್ನು ತೀರ್ಮಾನಿಸಬೇಡಿ.

ಕೆಂಪಿಗೆ ಕಾರಣ ಹೆಚ್ಚಾಗಿ ಎರಡು. ಮೊದಲನೆಯದು, ಮುದ್ರಿಸುವಾಗ ಪೇಪರ್ ಟೈಪ್ ಎಂಬಲ್ಲಿ ಪ್ಲೇನ್ ಪೇಪರ್ ಎಂದೇ ಉಳಿದುಬಿಟ್ಟಿರುವುದು. ಪ್ರತಿ ಬಗೆಯ ಹಾಳೆ ಎಷ್ಟು ಇಂಕ್ ಹೀರುತ್ತದೆ, ಅದರ ಮೇಲೆ ಯಾವ ಬಣ್ಣ ಹೇಗೆ ಕಾಣುತ್ತದೆ ಎಂಬ ಲೆಕ್ಕ ಆ ಒಂದು ಆಯ್ಕೆಯಲ್ಲಿ ಅಡಗಿದೆ. ಗ್ಲಾಸಿ ಹಾಳೆಗೆ ಗ್ಲಾಸಿ, ಮ್ಯಾಟ್ ಹಾಳೆಗೆ ಮ್ಯಾಟ್ ಆರಿಸದಿದ್ದರೆ ಎಷ್ಟೇ ಒಳ್ಳೆಯ ಪ್ರಿಂಟರೂ ತಪ್ಪುತ್ತದೆ. ಎರಡನೆಯದು, ಫೋಟೋ ಸಾಫ್ಟ್‌ವೇರ್ ಒಮ್ಮೆ, ಪ್ರಿಂಟರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಇನ್ನೊಮ್ಮೆ ಹೀಗೆ ಇಬ್ಬರೂ ಬಣ್ಣವನ್ನು ತಿದ್ದುವುದು. ತಿದ್ದುಪಡಿ ಒಂದು ಕಡೆ ಮಾತ್ರ ಆಗಬೇಕು. ಫೋಟೋ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಳಕೆಯ ಬಣ್ಣದ ಪದ್ಧತಿಯಲ್ಲಿದ್ದು ಡ್ರೈವರಿನ ತಿದ್ದುಪಡಿಯೊಂದೇ ಚಾಲೂ ಇರುವುದು ಮನೆಯವರಿಗೆ ಸುಲಭದ ದಾರಿ.

ಹಾಳೆ ಉಳಿಸುವ ಉಪಾಯವನ್ನೂ ಹೇಳುತ್ತೇನೆ. ಮುಖವಿರುವ ಭಾಗವನ್ನಷ್ಟೇ ಸಣ್ಣದಾಗಿ ಕತ್ತರಿಸಿ, ಒಂದು ಸಲ ಇದ್ದಂತೆ, ಮತ್ತೆ ಸ್ವಲ್ಪಸ್ವಲ್ಪ ಬೆಳಕು ಏರಿಸಿದ ನಾಲ್ಕೈದು ನಮೂನೆಗಳನ್ನು ಒಂದೇ 4×6 ಹಾಳೆಯಲ್ಲಿ ಸಾಲಾಗಿ ಮುದ್ರಿಸಿ, ಒಂದು ರಾತ್ರಿ ಒಣಗಲು ಬಿಡಿ. ಹಸಿ ಇದ್ದಾಗಿನ ಬಣ್ಣಕ್ಕೂ ಒಣಗಿದ ಮೇಲಿನ ಬಣ್ಣಕ್ಕೂ ವ್ಯತ್ಯಾಸವಿರುತ್ತದೆ. ಮರುದಿನ ಹಗಲಿನಲ್ಲಿ ಯಾವುದು ಒಪ್ಪುತ್ತದೋ ಅದಕ್ಕೆ ಏರಿಸಿದ ಬೆಳಕಿನ ಅಂಕಿಯನ್ನು ಪ್ರಿಂಟರಿನ ಮೇಲೆಯೇ ಚೀಟಿ ಬರೆದು ಅಂಟಿಸಿ. ಅದೇ ಪೇಪರ್, ಅದೇ ಇಂಕ್ ಇರುವವರೆಗೆ ಆ ಅಂಕಿ ನಡೆಯುತ್ತದೆ. ಆದ್ದರಿಂದಲೇ ಪ್ರತಿ ಸಲ ಯಾವುದು ಅಗ್ಗವೋ ಆ ಪೇಪರನ್ನು ತರುವ ಅಭ್ಯಾಸ ಕೊನೆಗೆ ದುಬಾರಿಯಾಗುತ್ತದೆ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಊರಿಗೆ ಹೋಗಿ ಬಂದೆವು. ಈಗ ಪ್ರಿಂಟಿನಲ್ಲಿ ಬಿಳಿ ಗೆರೆಗಳು ಬರುತ್ತಿವೆ. ಹತ್ತು ಸಲ ಹೆಡ್ ಕ್ಲೀನಿಂಗ್ ಮಾಡಿದರೂ ಹೋಗಿಲ್ಲ, ಇಂಕ್ ಮಾತ್ರ ಇಳಿದಿದೆ.
(ಓದುಗರು, ರಾಯಚೂರು)

ಉತ್ತರ: ದಯವಿಟ್ಟು ಹನ್ನೊಂದನೆಯ ಸಲ ಮಾಡಬೇಡಿ. ಈ ಇಂಕಿನಲ್ಲಿ ಬಹುಪಾಲು ನೀರೇ ಇರುತ್ತದೆ. ನಿಮ್ಮ ಊರಿನ ಬಿಸಿಲಿಗೆ ಇಂಕ್ ಚಿಮ್ಮುವ ಸೂಕ್ಷ್ಮ ರಂಧ್ರಗಳಾದ ನಾಜಲ್‌ಗಳ ಬಾಯಿಯಲ್ಲಿ ಅದು ಒಣಗಿ ಕೂತಿದೆ. ಪ್ರತಿ ಕ್ಲೀನಿಂಗ್‌ನಲ್ಲೂ ಎಲ್ಲ ಬಣ್ಣಗಳ ಇಂಕ್ ಹೀರಲ್ಪಟ್ಟು ಯಂತ್ರದ ತಳದ ಪ್ಯಾಡಿಗೆ ಸೇರುತ್ತದೆ, ಪ್ಯಾಡ್ ತುಂಬಿತೆಂದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಎರಡು ಮೂರು ಸಲ ಮಾಡಿ, ಸರಿಹೋಗದಿದ್ದರೆ ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ನಾಜಲ್ ಚೆಕ್ ಎಂಬ ಪರೀಕ್ಷಾ ಪುಟ ತೆಗೆದು ನೋಡುವುದು ಸರಿಯಾದ ಕ್ರಮ. ಒಣಗಿದ ಇಂಕ್ ಹೊಸ ಇಂಕಿನ ತೇವಕ್ಕೆ ನೆನೆದು ಸಡಿಲಾಗಲು ಹೊತ್ತು ಬೇಕು. ಅದಕ್ಕೂ ಬಗ್ಗದಿದ್ದರೆ ಸರ್ವಿಸಿನವರಿಗೆ ತೋರಿಸಿ.

ಮುಂದೆ ಹೀಗಾಗದಂತೆ ಮುಖ್ಯವಾಗಿ ಒಂದು ಕೆಲಸ ಮಾಡಿ: ಪ್ರಿಂಟರನ್ನು ಅದರ ಬಟನ್‌ನಿಂದಲೇ ಆಫ್ ಮಾಡಿ, ದೀಪ ಆರಿದ ಮೇಲಷ್ಟೇ ಗೋಡೆಯ ಸ್ವಿಚ್ ಒತ್ತಿ. ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ಮುದ್ರಣದ ನಡುವೆ ಕರೆಂಟ್ ಹೋದರೆ ಅಥವಾ ನೇರವಾಗಿ ಗೋಡೆಯ ಸ್ವಿಚ್ ಆರಿಸಿದರೆ ಅದು ಬಾಯಿ ತೆರೆದುಕೊಂಡೇ ಉಳಿಯಬಹುದು. ಇದರ ಜೊತೆಗೆ ವಾರಕ್ಕೊಮ್ಮೆ ಸಾದಾ ಹಾಳೆಯಲ್ಲಿ ಎಲ್ಲ ಬಣ್ಣಗಳಿರುವ ಸಣ್ಣ ಚಿತ್ರವೊಂದನ್ನು ಮುದ್ರಿಸಿ.

ಪ್ರಶ್ನೆ: ಮನೆಯಲ್ಲಿ ಮುದ್ರಿಸಿ ಗೋಡೆಗೆ ಹಾಕಿದ ಫೋಟೋಗಳ ಬಣ್ಣ ಒಂದೂವರೆ ವರ್ಷದಲ್ಲಿ ಮಾಸಿದೆ. ಮಳೆಗಾಲದಲ್ಲಿ ಒಂದೆರಡು ಗಾಜಿಗೇ ಅಂಟಿಕೊಂಡಿವೆ. ಸ್ಟುಡಿಯೊದ ಹಳೆಯ ಫೋಟೋಗಳು ಚೆನ್ನಾಗಿಯೇ ಇವೆ.
(ಓದುಗರು, ಮಂಗಳೂರು)

ಉತ್ತರ: ಇಂಕಿನಲ್ಲಿ ಡೈ, ಪಿಗ್ಮೆಂಟ್ ಎಂದು ಎರಡು ಜಾತಿ. ಡೈ ಎಂದರೆ ಸಕ್ಕರೆಯಂತೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ಗ್ಲಾಸಿ ಹಾಳೆಯ ಮೇಲೆ ಅದರ ಕಾಂತಿ ಬಹಳ ಚೆನ್ನ, ಮನೆಯ ಫೋಟೋ ಪ್ರಿಂಟರುಗಳಲ್ಲಿ ಬಹುಪಾಲು ಇರುವುದು ಅದೇ. ಪಿಗ್ಮೆಂಟ್ ಎಂದರೆ ಕರಗದೆ ತೇಲುವ ಅತಿ ಸೂಕ್ಷ್ಮ ಪುಡಿ. ಬೆಳಕಿಗೂ ನೀರಿಗೂ ಹೆಚ್ಚು ಗಟ್ಟಿ, ಆದರೆ ಆ ಬಗೆಯ ಫೋಟೋ ಪ್ರಿಂಟರ್ ದುಬಾರಿ. ಬೇಗ ಒಣಗುವ ಗ್ಲಾಸಿ ಪೇಪರಿನ ಲೇಪನದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಡೈ ಗಾಳಿಗೆ ಒಡ್ಡಿಕೊಂಡೇ ಇರುತ್ತದೆ. ಗಾಳಿಯಲ್ಲಿರುವ ಓಜೋನ್ ಅದನ್ನು ತಿನ್ನುತ್ತದೆ, ಬಿಸಿಲು ತನ್ನ ಪಾಲನ್ನು ಸೇರಿಸುತ್ತದೆ. ಬಾಳಿಕೆಯನ್ನು ಪರೀಕ್ಷಿಸುವ ಪ್ರಯೋಗಾಲಯಗಳು ಇಂಕನ್ನು ಮಾತ್ರ ಪರೀಕ್ಷಿಸದೆ ಇಂಕ್ ಮತ್ತು ಪೇಪರಿನ ಜೋಡಿಯನ್ನು ಒಟ್ಟಿಗೆ ಪರೀಕ್ಷಿಸುವುದು ಇದಕ್ಕೇ. ಒಂದೇ ಇಂಕ್ ಒಂದು ಪೇಪರಿನಲ್ಲಿ ಬಾಳಿ ಇನ್ನೊಂದರಲ್ಲಿ ಬೇಗ ಮಾಸಬಹುದು.

ನಿಮ್ಮ ಪ್ರಿಂಟರ್ ಬದಲಿಸಬೇಕಾಗಿಲ್ಲ. ಮುದ್ರಿಸಿದ ಫೋಟೋವನ್ನು ಒಂದು ದಿನ ಪೂರ್ತಿ ಒಣಗಿಸಿ ಗಾಜಿನ ಒಳಗೆ ಹಾಕಿ. ಗಾಜು ಗಾಳಿಯ ಸಂಪರ್ಕವನ್ನು ಕಡಿಮೆ ಮಾಡುತ್ತದೆ. ಆದರೆ ಗಾಜು ಫೋಟೋವನ್ನು ಮುಟ್ಟಬಾರದು, ಸುತ್ತಲೂ ದಪ್ಪ ಕಾಗದದ ಮೌಂಟ್ ಇಡಿಸಿ ನಡುವೆ ಅಂತರ ಬಿಡಿಸಿ. ನಿಮ್ಮಲ್ಲಿ ಫೋಟೋ ಗಾಜಿಗೆ ಅಂಟಿದ್ದು ಆ ಅಂತರವಿಲ್ಲದೆ ಕರಾವಳಿಯ ತೇವಕ್ಕೆ ಲೇಪನ ಮೆತ್ತಗಾದದ್ದರಿಂದ. ಕಿಟಕಿಯ ಎದುರಿನ ಗೋಡೆ ಬೇಡ. ಆಲ್ಬಮ್ ಆದರೆ ಅಂಟು ಸವರಿದ ಪುಟಗಳ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುವ ಬಗೆಯದನ್ನು ಬಿಟ್ಟು, ಪಾಲಿಪ್ರೊಪಿಲೀನ್ ಜೇಬುಗಳಿರುವುದನ್ನು ಕೊಳ್ಳಿ. ಹಣಕ್ಕೆ ತಕ್ಕ ಬಾಳಿಕೆ ಎಂದು ನೋಡಿದರೆ ದಶಕಗಳ ಕಾಲ ಗೋಡೆಯ ಮೇಲಿರಬೇಕಾದ ಫೋಟೋವನ್ನು ಬೆಳ್ಳಿ ಲವಣದ ಕಾಗದ ಬಳಸುವ ಲ್ಯಾಬಿನಲ್ಲೇ ಮಾಡಿಸುವುದು ಮೇಲು.

ಪ್ರಶ್ನೆ: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿಕೊಂಡು ದಿನಕ್ಕೆ ಮೂರು ನಾಲ್ಕು ಜನ ಬರುತ್ತಾರೆ. ಲೇಸರ್ ಪ್ರಿಂಟರಿಗೆ ಫೋಟೋ ಪೇಪರ್ ಹಾಕಬಹುದೇ, ಅಥವಾ ಸಣ್ಣ ಡೈ ಸಬ್ಲಿಮೇಷನ್ ಪ್ರಿಂಟರ್ ತೆಗೆದುಕೊಳ್ಳಲೇ? ಅದರ 108 ಹಾಳೆಯ ಸೆಟ್ಟಿಗೆ 3,000 ರೂಪಾಯಿ ಹೇಳಿದರು.
(ಓದುಗರು, ದಾವಣಗೆರೆ)

ಉತ್ತರ: ಇಂಕ್‌ಜೆಟ್ ಫೋಟೋ ಪೇಪರನ್ನು ಲೇಸರ್ ಪ್ರಿಂಟರಿಗೆ ಎಂದೂ ಹಾಕಬೇಡಿ. ಟೋನರನ್ನು ಕರಗಿಸಿ ಅಂಟಿಸುವ ಬಿಸಿ ರೋಲರಿಗೆ ಪೇಪರಿನ ಲೇಪನ ಕರಗಿ ಹತ್ತಿಕೊಂಡರೆ ರಿಪೇರಿಯ ಖರ್ಚು ಹತ್ತು ಸೆಟ್ ಪೇಪರಿಗಿಂತ ಹೆಚ್ಚಾದೀತು.

ಡೈ ಸಬ್ಲಿಮೇಷನ್ ನಿಮ್ಮ ಕೆಲಸಕ್ಕೆ ಹೊಂದುತ್ತದೆ. ಅದರಲ್ಲಿ ಇಂಕ್ ಬದಲು ರಿಬ್ಬನ್ ಇರುತ್ತದೆ. ಹಾಳೆ ನಾಲ್ಕು ಸಲ ಹಿಂದೆ ಮುಂದೆ ಓಡಾಡಿ ಹಳದಿ, ಮಜೆಂಟಾ, ಸಯಾನ್ ಬಣ್ಣಗಳನ್ನೂ ಕೊನೆಗೆ ಒಂದು ರಕ್ಷಣಾ ಪದರವನ್ನೂ ಪಡೆಯುತ್ತದೆ. ಹೊರಬಂದ ತಕ್ಷಣ ಒಣಗಿರುತ್ತದೆ, ಬೆವರಿನ ಕೈಗೆ ಕೆಡುವುದಿಲ್ಲ, ವಾರಗಟ್ಟಲೆ ಬಳಸದಿದ್ದರೂ ಕಟ್ಟಿಕೊಳ್ಳುವ ನಾಜಲ್ ಇಲ್ಲ. ನಿಮ್ಮ ದರದಲ್ಲಿ ಒಂದು ಹಾಳೆಗೆ ಸುಮಾರು 28 ರೂಪಾಯಿ ಬೀಳುತ್ತದೆ. 100×148 ಮಿಲಿಮೀಟರಿನ ಆ ಹಾಳೆಯಲ್ಲಿ 35×45 ಮಿಲಿಮೀಟರಿನ ಎಂಟು ಫೋಟೋ ಕೂರುವುದರಿಂದ ಒಂದಕ್ಕೆ ಮೂರೂವರೆ ರೂಪಾಯಿ. ನಾಲ್ಕೇ ಫೋಟೋ ಮುದ್ರಿಸಿದರೂ ಒಂದು ಹಾಳೆಯ ರಿಬ್ಬನ್ ಪೂರ್ತಿ ಖರ್ಚಾಗುತ್ತದೆ ಎಂಬುದನ್ನು ಮಾತ್ರ ಮರೆಯದೆ ಎಂಟರ ಲೆಕ್ಕದಲ್ಲೇ ದರ ಇಡಿ. ದಿನಕ್ಕೆ ಮೂವತ್ತು ನಲವತ್ತು ಗಿರಾಕಿ ಆದ ದಿನ ಆರು ಬಣ್ಣದ ಇಂಕ್ ಟ್ಯಾಂಕ್ ಅಗ್ಗವಾಗುತ್ತದೆ, ಆಗ ಅದು ದಿನವೂ ಓಡುವುದರಿಂದ ನಾಜಲ್ ಕಟ್ಟುವ ಭಯವೂ ಇರುವುದಿಲ್ಲ. ಡೈ ಸಬ್ಲಿಮೇಷನ್‌ಗೆ ವೈರಿ ಧೂಳು. ರಸ್ತೆಗೆ ತೆರೆದ ಅಂಗಡಿಯಲ್ಲಿ ಹಾಳೆಯ ಟ್ರೇಯನ್ನು ಮುಚ್ಚಿಡಿ.

ಪ್ರಶ್ನೆ: ಅಜ್ಜ ಅಜ್ಜಿಯ ಮದುವೆಯ ಕಪ್ಪು ಬಿಳುಪಿನ ಫೋಟೋ ಒಂದೇ ಒಂದು ಉಳಿದಿದೆ, ಅಳತೆ 3.5×5.5 ಇಂಚು. ಅದನ್ನು ದೊಡ್ಡದು ಮಾಡಿ ಐದು ಮನೆಗಳಿಗೂ ಕೊಡಬೇಕೆಂದಿದ್ದೇವೆ. ಮನೆಯ ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ತೆಗೆದರೆ ಹಸಿರು ಛಾಯೆ ಬರುತ್ತದೆ.
(ಓದುಗರು, ಧಾರವಾಡ)

ಉತ್ತರ: ಬಣ್ಣದ ಇಂಕುಗಳನ್ನು ಬೆರೆಸಿ ಬೂದು ಬಣ್ಣ ಮಾಡುವ ಪ್ರಿಂಟರಿನಲ್ಲಿ ಯಾವುದಾದರೂ ಒಂದು ಬಣ್ಣ ಎಳ್ಳಷ್ಟು ಹೆಚ್ಚಾದರೂ ಕಪ್ಪು ಬಿಳುಪು ಫೋಟೋದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಇಂಕ್ ಒಂದನ್ನೇ ಬಳಸುವ ಆಯ್ಕೆ ಹಾಕಿದರೆ ಛಾಯೆ ಹೋಗುತ್ತದೆ, ಆದರೆ ಮುಖದಲ್ಲಿ ಮರಳಿನ ಚುಕ್ಕೆಗಳು ಏಳುತ್ತವೆ. ಐದು ಪ್ರತಿಗಳಷ್ಟೇ ಬೇಕಾಗಿರುವಾಗ ಮನೆಯಲ್ಲಿ ಸೆಣಸುವುದು ಬೇಡ. ಬೂದು ಇಂಕುಗಳನ್ನು ಬೇರೆಯಾಗಿ ಇಟ್ಟಿರುವ ಪಿಗ್ಮೆಂಟ್ ಪ್ರಿಂಟರ್ ಇರುವ ಕಡೆ ಮಾಡಿಸಿ; ಒಂದು ಪ್ರತಿಗೆ ಸ್ಟುಡಿಯೊದ ಸಾಮಾನ್ಯ ದರಕ್ಕಿಂತ ಬಹಳ ಹೆಚ್ಚು ಕೇಳಿದರೂ ಇಂಥ ಫೋಟೋಗೆ ಅದು ಕೊಡತಕ್ಕ ಹಣವೇ ಎಂದು ನಾನು ತಿಳಿಯುತ್ತೇನೆ.

ನೀವು ಮನೆಯಲ್ಲಿ ಮಾಡಬೇಕಾದದ್ದು ಸ್ಕ್ಯಾನ್. ಮೊಬೈಲಿನಿಂದ ಫೋಟೋದ ಫೋಟೋ ತೆಗೆಯಬೇಡಿ. ಆಲ್ ಇನ್ ಒನ್ ಪ್ರಿಂಟರಿನ ಗಾಜಿನ ಮೇಲೆ ಇಟ್ಟು, ಇಂಚಿಗೆ 600 ಪಿಕ್ಸೆಲ್‌ನಂತೆ, ಕಪ್ಪು ಬಿಳುಪು ಆದರೂ ಕಲರ್ ಆಯ್ಕೆಯಲ್ಲೇ ಸ್ಕ್ಯಾನ್ ಮಾಡಿ, ವಿವರ ಕೆಡದಂತೆ ಚಿತ್ರವನ್ನು ಉಳಿಸುವ ಟಿಫ್ ಫೈಲಾಗಿ ಉಳಿಸಿ. ಆಗ 2100×3300 ಪಿಕ್ಸೆಲ್ ಸಿಗುತ್ತದೆ, ಅದರಿಂದ 7×11 ಇಂಚಿನವರೆಗೆ ಇಂಚಿಗೆ 300ರಂತೆ ಚೆನ್ನಾಗಿ ಮುದ್ರಿಸಬಹುದು. ಗಾಜನ್ನು ಮೊದಲು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ. ಫೋಟೋವನ್ನು ಒರೆಸಬೇಡಿ, ಮೇಲಿನ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಸರಿಸಿದರೆ ಸಾಕು. ಫ್ರೇಮಿಗೆ ಹೊಸ ಪ್ರತಿಯನ್ನು ಹಾಕಿ, ಅಜ್ಜ ಅಜ್ಜಿಯ ಮೂಲ ಫೋಟೋವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಮಲಗಿಸಿಡಿ.